ಮೇಕೆ ಕೊಟ್ಟರು, ಗೋಮಾಳ ಯಾರು ಕೊಡ್ತಾರೆ?

ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಕವನ ಸಂಕಲನವನ್ನೋ ಕಾದಂಬರಿಯನ್ನೋ ಕೈಗೆತ್ತಿಕೊಳ್ಳುತ್ತಾರೆ. ನಾವು ಈ ಸಲ ಇಪ್ಪತ್ತನಾಲ್ಕು ಪುಟದ ಒಂದು ಪುಸ್ತಿಕೆಯನ್ನು ಕೈಗೆತ್ತಿಕೊಂಡಿದ್ದೇವೆ. ಇದಕ್ಕೆ ಬೆಲೆಯಿಲ್ಲ, ಪುಕ್ಕಟೆ ಹಂಚಿದ್ದು. ಬರೆದವರ ಹೆಸರಿಲ್ಲ. ನುಣುಪು ಕಾಗದ, ಬಣ್ಣದ ಫೋಟೋಗಳು. ನಮ್ಮ ಹಟ್ಟಿಯಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿರುವ ಒಂದು ಸೇವಾಸಂಸ್ಥೆ ಇದನ್ನು ಅಚ್ಚು ಹಾಕಿಸಿದೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಒಂದು ಸಂಸ್ಥೆಯ ಮೇಲೆ ಹಗೆ ಸಾಧಿಸುವುದು ನಮ್ಮ ಉದ್ದೇಶವಲ್ಲ. ಇಂಥ ಪುಸ್ತಿಕೆಗಳು ಎಷ್ಟೋ ಹಟ್ಟಿಗಳ ಬಗ್ಗೆ ಅಚ್ಚಾಗಿವೆ. ಒಂದರ ಮುಖಪುಟ ಕಿತ್ತು ಇನ್ನೊಂದಕ್ಕೆ ಅಂಟಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಹದಿಮೂರನೇ ಪುಟದಲ್ಲಿ ನಮ್ಮವ್ವ ಇದ್ದಾಳೆ. ಮೇಕೆಯ ಹಗ್ಗ ಹಿಡಿದು ನಿಂತಿದ್ದಾಳೆ. ನಗುತ್ತಿದ್ದಾಳೆ. ‘ಸ್ವಲ್ಪ ನಗಿಯಮ್ಮ’ ಅಂತ ಹೇಳಿ ನಗಿಸಿದ್ದು. ಫೋಟೋದ ಕೆಳಗೆ ಅವಳ ಹೆಸರಿಲ್ಲ. ‘ಫಲಾನುಭವಿ’ ಎಂದಿದೆ.

ಪುಸ್ತಿಕೆಯ ತಿರುಳನ್ನು ಎರಡು ಮಾತಿನಲ್ಲಿ ಹೇಳಬಹುದು. ಬಡತನಕ್ಕೆ ಒಂದೇ ಮುಖವಿಲ್ಲ, ಹಲವು ಮುಖಗಳಿವೆ. ಆದ್ದರಿಂದ ಒಂದೊಂದಾಗಿ ಹೊಡೆದರೆ ಅದು ಸಾಯುವುದಿಲ್ಲ. ಶಾಲೆ ಕೊಟ್ಟು ಅನ್ನ ಕೊಡದಿದ್ದರೆ ಮಗು ಶಾಲೆಗೆ ಬರುವುದಿಲ್ಲ, ಅನ್ನ ಕೊಟ್ಟು ನೀರು ಶುದ್ಧ ಮಾಡದಿದ್ದರೆ ಮಗು ಭೇದಿಯಾಗಿ ಮಲಗುತ್ತದೆ, ಅವ್ವನ ಕೈಯಲ್ಲಿ ನಾಲ್ಕು ಕಾಸು ಇಲ್ಲದಿದ್ದರೆ ಯಾವುದೂ ನಿಲ್ಲುವುದಿಲ್ಲ. ಹೀಗಾಗಿ ಶಿಕ್ಷಣ, ಆರೋಗ್ಯ, ನೀರು, ಜೀವನೋಪಾಯ, ಮಹಿಳಾ ಸಬಲೀಕರಣ ಇವನ್ನೆಲ್ಲ ಒಟ್ಟಿಗೆ ಹಿಡಿಯಬೇಕು. ಇದಕ್ಕೆ ಅವರು ಇಟ್ಟಿರುವ ಹೆಸರು ‘ಸಮಗ್ರ ಸಮುದಾಯ ಅಭಿವೃದ್ಧಿ’. ನಾಲ್ಕನೇ ಪುಟದಲ್ಲಿ ಒಂದು ಚಕ್ರ ಬರೆದಿದ್ದಾರೆ. ಚಕ್ರಕ್ಕೆ ಐದು ಅರೆಕಾಲು, ನಡುವೆ ಒಂದು ಮಗುವಿನ ಮುಖ.

ಈ ಮಾತಿನಲ್ಲಿ ಸುಳ್ಳಿಲ್ಲ. ಹಟ್ಟಿಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಪುಸ್ತಿಕೆ ಓದಿ ತಿಳಿಯಬೇಕಾಗಿಲ್ಲ. ನಮ್ಮಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಯಾಕೆ ಬಿಟ್ಟಳು ಎಂದರೆ ಅಪ್ಪನಿಗೆ ಕಾಯಿಲೆ, ಕಾಯಿಲೆಗೆ ಸಾಲ, ಸಾಲಕ್ಕೆ ಅವ್ವನ ಜೊತೆ ಅವಳೂ ಕೂಲಿ. ಎಲ್ಲ ಒಂದಕ್ಕೊಂದು ಹೆಣೆದುಕೊಂಡಿದೆ ಎನ್ನುವುದು ನಮಗೆ ಬದುಕಿನಲ್ಲೇ ಗೊತ್ತು. ನಮ್ಮ ಪ್ರಶ್ನೆ ಬೇರೆ. ಈ ‘ಸಮಗ್ರ’ದೊಳಗೆ ಏನೇನಿದೆ ಎಂದು ಎಣಿಸಿದ ಮೇಲೆ, ಏನಿಲ್ಲ ಎನ್ನುವುದನ್ನೂ ಎಣಿಸಬೇಕಲ್ಲವೆ?

ಅದಕ್ಕೆ ಮೊದಲು ನಮ್ಮ ಋಣದ ಲೆಕ್ಕ ಹೇಳಿಬಿಡಬೇಕು. ಇಲ್ಲದಿದ್ದರೆ ಉಂಡ ಮನೆಗೆ ಎರಡು ಬಗೆದರು ಎನ್ನುವವರು ಹಟ್ಟಿಯಲ್ಲೇ ಇದ್ದಾರೆ. ನಾವು ಬಿ.ಎ. ಪಾಸಾದದ್ದು ಸರ್ಕಾರಿ ಹಾಸ್ಟೆಲಿನ ಅನ್ನದಿಂದ. ಅದಕ್ಕೂ ಹಿಂದೆ, ಮೂರನೇ ಕ್ಲಾಸಿನಿಂದ ಹತ್ತರವರೆಗೆ, ನಾವು ಈ ಸಂಸ್ಥೆಯ ಲೆಕ್ಕಕ್ಕೆ ‘ಪ್ರಾಯೋಜಿತ ಮಗು’. ಬ್ಯಾಗು, ನೋಟುಬುಕ್ಕು, ವರ್ಷಕ್ಕೆರಡು ಜೊತೆ ಬಟ್ಟೆ, ಜ್ವರ ಬಂದರೆ ಮಾತ್ರೆ ಇವೆಲ್ಲ ಬಂದವು. ಬಂದದ್ದು ಬಂದಿಲ್ಲ ಎಂದರೆ ನಾಲಗೆ ಬಿದ್ದುಹೋಗುತ್ತದೆ. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ ಎರಡು ಸಲ ನಾವು ಒಂದು ಕಾಗದ ಬರೆಯಬೇಕಾಗಿತ್ತು. ಸಮುದ್ರದಾಚೆ ಇರುವ, ನಾವು ಎಂದೂ ನೋಡದ ಒಬ್ಬರಿಗೆ. ‘ನಾನು ಚೆನ್ನಾಗಿದ್ದೇನೆ. ನನ್ನ ತಾಯಿ ಚೆನ್ನಾಗಿದ್ದಾರೆ. ಮಳೆ ಚೆನ್ನಾಗಿ ಆಗಿದೆ. ನಿಮ್ಮ ಸಹಾಯಕ್ಕೆ ಕೃತಜ್ಞತೆಗಳು.’ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ನಲವತ್ತು ಮಕ್ಕಳು ನೋಡಿಕೊಂಡು ಬರೆಯುತ್ತಿದ್ದೆವು. ಮಳೆ ಆಗದ ವರ್ಷವೂ ಮಳೆ ಚೆನ್ನಾಗಿ ಆಗಿದೆ ಎಂದೇ ಬರೆದೆವು. ಅಪ್ಪ ಸತ್ತ ವರ್ಷ ಕಾಗದದಲ್ಲಿ ಅಪ್ಪನ ಸುದ್ದಿಯೇ ಇರಲಿಲ್ಲ.

ಇವತ್ತು ನಾವು ಕವಿಗಳೆಂದು ಹೇಳಿಕೊಂಡು ತಿರುಗುತ್ತೇವೆ. ನಮ್ಮ ಮೊದಲ ಬರವಣಿಗೆ ಯಾವುದು ಎಂದು ಯಾರಾದರೂ ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಅದು ಬೋರ್ಡಿನಿಂದ ನಕಲು ಮಾಡಿದ ಕೃತಜ್ಞತೆ.

ಈ ಪ್ರಾಯೋಜನೆ ನಮ್ಮ ಹಟ್ಟಿಯಲ್ಲಿ ಹುಟ್ಟಿದ್ದಲ್ಲ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದ ಅನಾಥ ಮಕ್ಕಳಿಗಾಗಿ, 1950ರ ದಶಕದಲ್ಲಿ ಕೊರಿಯಾ ಯುದ್ಧದ ಅನಾಥ ಮಕ್ಕಳಿಗಾಗಿ ಹುಟ್ಟಿ ಬೆಳೆದ ಪದ್ಧತಿ. ಒಂದು ಮಗು, ಒಂದು ಫೋಟೋ, ಒಬ್ಬ ದಾನಿ. ಆಮೇಲೆ ಯುದ್ಧವಿಲ್ಲದ ದೇಶಗಳಿಗೂ, ಅಪ್ಪ ಅವ್ವ ಇಬ್ಬರೂ ಇರುವ ಮಕ್ಕಳಿಗೂ ಅದೇ ಪದ್ಧತಿ ಬಂತು. ಒಂದೇ ಕೇರಿಯಲ್ಲಿ ಒಂದು ಮಗುವಿಗೆ ಬ್ಯಾಗು, ಪಕ್ಕದ ಮನೆ ಮಗುವಿಗೆ ಕೈ ಖಾಲಿ. ಇದು ಮಕ್ಕಳ ಮುಖ ತೋರಿಸಿ ಹಣ ಎತ್ತುವ ದಂಧೆ ಎಂದು ಆ ದೇಶಗಳ ಒಳಗೇ ಟೀಕೆ ಎದ್ದಿತು. 1982ರಲ್ಲಿ ‘ನ್ಯೂ ಇಂಟರ್‌ನ್ಯಾಷನಲಿಸ್ಟ್’ ಪತ್ರಿಕೆ ಒಂದು ಸಂಚಿಕೆಯನ್ನೇ ಇದರ ವಿರುದ್ಧ ತಂದಿತು. 1970-80ರ ದಶಕಗಳಲ್ಲಿ ಹಲವು ಸಂಸ್ಥೆಗಳು ಒಂಟಿ ಮಗುವನ್ನು ಬಿಟ್ಟು ಇಡೀ ಸಮುದಾಯದ ಕಡೆಗೆ ಹೊರಳಿದವು. ‘ಸಮಗ್ರ’ ಎಂಬ ಮಾತಿಗೆ ಈ ಹಿನ್ನೆಲೆ ಇದೆ. ಇನ್ನೊಂದು ಕಡೆಯನ್ನೂ ಹೇಳಬೇಕು. 2013ರಲ್ಲಿ ಅರ್ಥಶಾಸ್ತ್ರಜ್ಞರು ಇಂಥ ಒಂದು ದೊಡ್ಡ ಸಂಸ್ಥೆಯ ಕೆಲಸವನ್ನು ಭಾರತವೂ ಸೇರಿ ಆರು ದೇಶಗಳಲ್ಲಿ ಅಳೆದು ನೋಡಿದರು. ಪ್ರಾಯೋಜಿತ ಮಕ್ಕಳು ಉಳಿದವರಿಗಿಂತ ಒಂದು ವರ್ಷಕ್ಕೂ ಮಿಗಿಲಾಗಿ ಹೆಚ್ಚು ಓದಿದ್ದರು. ಅಂದರೆ ಬ್ಯಾಗು ಕೆಲಸ ಮಾಡುತ್ತದೆ. ನಮ್ಮ ಓದಿನಲ್ಲೂ ಆ ಒಂದು ವರ್ಷ ಎಲ್ಲೋ ಇದ್ದೇ ಇದೆ.

ಈಗ ಪುಸ್ತಿಕೆಯ ಭಾಷೆಗೆ ಬರೋಣ. ಕವಿತೆ ಓದುವವರು ಮೊದಲು ನೋಡುವುದು ಮಾತನ್ನು. ಇದರಲ್ಲಿ ನಮ್ಮನ್ನು ‘ಅವಕಾಶವಂಚಿತರು’ ಎಂದು ಕರೆದಿದ್ದಾರೆ. ವಂಚಿತ ಎಂದರೆ ಮೋಸ ಹೋದವನು. ಮೋಸ ಹೋದವನಿದ್ದ ಮೇಲೆ ಮೋಸ ಮಾಡಿದವನೂ ಇರಬೇಕು. ಅದು ಯಾವ ಊರಿನ ವ್ಯಾಕರಣದಲ್ಲೂ ನ್ಯಾಯ. ಇಪ್ಪತ್ತನಾಲ್ಕು ಪುಟ ಮಗುಚಿ ಹಾಕಿದರೂ ಅವನು ಸಿಕ್ಕುವುದಿಲ್ಲ. ‘ಹಿಂದುಳಿದವರು’ ಎಂಬ ಮಾತು ಇನ್ನೂ ಮೋಜಿನದು. ನಾವೇ ನಡೆಯಲಾರದೆ ಹಿಂದೆ ಉಳಿದುಬಿಟ್ಟೆವೇನೋ, ದಾರಿಯಲ್ಲಿ ಎಲ್ಲೋ ಕುಳಿತು ಸುಧಾರಿಸಿಕೊಂಡೆವೇನೋ ಎಂಬಂತೆ! ಬಡತನ ‘ಆವರಿಸಿದೆ’, ನೀರು ‘ಕಲುಷಿತಗೊಂಡಿದೆ’, ಭೂಮಿ ‘ಕೈತಪ್ಪಿದೆ’. ಎಲ್ಲವೂ ತಾನಾಗಿ ಆದದ್ದು, ಮಂಜು ಬಿದ್ದ ಹಾಗೆ. ಆದರೆ ಒಳ್ಳೆಯ ಕೆಲಸದ ಮಾತು ಬಂದ ಕೂಡಲೇ ವಾಕ್ಯಕ್ಕೆ ಕರ್ತೃ ಹುಟ್ಟುತ್ತಾನೆ: ಸಂಸ್ಥೆ ಕೊಳವೆಬಾವಿ ಕೊರೆಸಿತು, ಸಂಸ್ಥೆ ಮೇಕೆ ವಿತರಿಸಿತು. ಕೆಟ್ಟದ್ದಕ್ಕೆ ಕರ್ತೃವಿಲ್ಲ, ಒಳ್ಳೆಯದಕ್ಕೆ ಮಾತ್ರ ಇದ್ದಾನೆ. ‘ದಲಿತ’ ಎಂಬ ಶಬ್ದ ಇಡೀ ಪುಸ್ತಿಕೆಯಲ್ಲಿ ಎರಡು ಸಲ ಬಂದಿದೆ, ಎರಡೂ ಸಲ ಅಂಕಿ ಅಂಶದ ಕೋಷ್ಟಕದಲ್ಲಿ. ‘ಜಾತಿ’ ಎಂಬುದು ಒಂದು ಸಲವೂ ಇಲ್ಲ.

ಮೇಕೆಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು.

ಅವ್ವನಿಗೆ ಎರಡು ಮೇಕೆ ಕೊಟ್ಟರು. ಒಳ್ಳೆಯ ಮೇಕೆಗಳೇ. ಸಾಕುವ ತರಬೇತಿಯನ್ನೂ ಕೊಟ್ಟರು. ಮೂರು ದಿನ, ಊಟ ಸಮೇತ. ಹುಟ್ಟಿದಾಗಿನಿಂದ ಮೇಕೆ ಕಾಯ್ದ ನಮ್ಮವ್ವ ಮೂರು ದಿನ ಕುಳಿತು ಮೇಕೆ ಎಂದರೇನು ಎಂದು ಕೇಳಿಸಿಕೊಂಡು ಬಂದಳು. ಬಂದವಳು ಹೇಳಿದ ಮಾತು ಇದು: “ಮೇಕೆ ಕೊಟ್ಟವ್ರೆ ಸರಿ ಕಣ್ ಮಗ, ಮೇಯ್ಸಾಕೆ ಎಲ್ಲಿಗ್ ಹೊಡ್ಕೊಂಡ್ ಹೋಗಾನ?” ನಮ್ಮ ಊರಿನ ಗೋಮಾಳ ಹಟ್ಟಿಯ ಹಿಂದಿನ ಗುಡ್ಡದ ಬುಡದಲ್ಲಿದೆ. ಇದೆ ಎನ್ನುವುದು ಪಹಣಿಯಲ್ಲಿ. ಕಣ್ಣಿಗೆ ಕಾಣುವುದು ತಂತಿಬೇಲಿ, ಅದರೊಳಗೆ ಅಡಿಕೆ ಸಸಿ. ನೂರು ದನಕ್ಕೆ 12 ಹೆಕ್ಟೇರ್ ಅಂದರೆ ಮೂವತ್ತು ಎಕರೆ ಗೋಮಾಳ ಇರಬೇಕು ಎಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ಅವ್ವನ ಮೇಕೆ ಓದು ಬರಹ ಬಾರದ್ದು, ಹಳೆಯ ದಾರಿಯಲ್ಲೇ ಹೋಯಿತು. ಬೇಲಿಯೊಳಗೆ ಬಾಯಿ ಹಾಕಿತು. ಹಿಡಿದು ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿದರು. ಬಿಡಿಸಿಕೊಳ್ಳಲು ಐನೂರು ರೂಪಾಯಿ ದಂಡ. ಅವ್ವ ಹೋಗಿ ಬಾಗಿಲಲ್ಲಿ ನಿಂತು “ತಪ್ಪಾಯ್ತು ಬುದ್ಧಿ” ಅಂದಳು. ದಂಡ ಕಟ್ಟಲು ಮಹಿಳಾ ಸಂಘದಲ್ಲಿ ಸಾಲ ಎತ್ತಿದಳು. ಪುಸ್ತಿಕೆಯ ಹದಿನೈದನೇ ಪುಟದಲ್ಲಿ ನಮ್ಮ ಹಟ್ಟಿಯ ಹೆಂಗಸರು ಎಷ್ಟು ಸಾಲ ಪಡೆದು ಎಷ್ಟು ‘ಸ್ವಾವಲಂಬಿ’ಗಳಾದರು ಎಂಬ ಲೆಕ್ಕವಿದೆ. ಆ ಐನೂರೂ ಅದರಲ್ಲಿ ಸೇರಿದೆ.

ಬೇಲಿ ಹಾಕಿದವರು ಯಾರು? ಸಂಸ್ಥೆಯ ಗ್ರಾಮಾಭಿವೃದ್ಧಿ ಸಮಿತಿಗೆ ಅಧ್ಯಕ್ಷರಾಗಿರುವವರು. ಮೇಕೆ ಯಾರಿಗೆ ಕೊಡಬೇಕೆಂಬ ಪಟ್ಟಿಗೆ ಸಹಿ ಹಾಕಿದವರೂ ಅವರೇ. ಪುಸ್ತಿಕೆಯ ಎರಡನೇ ಪುಟದಲ್ಲಿ ಅವರ ಫೋಟೋ ಇದೆ, ಹೆಸರು ಸಮೇತ, ಹೆಸರಿನ ಹಿಂದೆ ಶ್ರೀ, ಮುಂದೆ ಗೌರವಾನ್ವಿತ ಹುದ್ದೆ.

ಇದು ನಮ್ಮೂರಿನ ಕೆಟ್ಟ ಅದೃಷ್ಟ, ಯೋಜನೆಯ ದೋಷವಲ್ಲ ಎಂದು ಕೆಲವರು ವಾದಿಸಬಹುದು. ಇಂಥ ಯೋಜನೆಗಳಲ್ಲೇ ಅತ್ಯುತ್ತಮವಾದದ್ದು ಎಂದು ಹೆಸರಾದದ್ದನ್ನು ನೋಡೋಣ. ಬಾಂಗ್ಲಾದೇಶದಲ್ಲಿ 1972ರಲ್ಲಿ ಫಜ್ಲೆ ಹಸನ್ ಅಬೇದ್ ಕಟ್ಟಿದ ಬ್ರಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗಾಗಿ ಒಂದು ಕಾರ್ಯಕ್ರಮ ಶುರುಮಾಡಿತು. ಬರೀ ಸಾಲ ಕೊಟ್ಟರೆ ಕಡುಬಡವರಿಗೆ ಪ್ರಯೋಜನವಿಲ್ಲ ಎಂದು ಕಂಡುಕೊಂಡವರು ಅವರು. ಹಸುವನ್ನೋ ಮೇಕೆಗಳನ್ನೋ ಕೋಳಿಗಳನ್ನೋ ಪೂರ್ತಿ ಉಚಿತವಾಗಿ ಕೊಟ್ಟು, ಅದು ಫಲ ಕೊಡುವವರೆಗೆ ಹೊಟ್ಟೆಗೆ ಒಂದಿಷ್ಟು ಹಣ ಕೊಟ್ಟು, ತರಬೇತಿ, ವೈದ್ಯ, ಉಳಿತಾಯ ಎಲ್ಲ ಸೇರಿಸಿ, ಎರಡು ವರ್ಷ ಮನೆಬಾಗಿಲಿಗೆ ಹೋಗಿ ವಿಚಾರಿಸಿದರು. ಆರು ದೇಶಗಳಲ್ಲಿ 10,000ಕ್ಕೂ ಹೆಚ್ಚು ಜನರ ನಡುವೆ ಈ ಮಾದರಿಯನ್ನು ಪರೀಕ್ಷಿಸಿ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಬರೆದವರಲ್ಲಿ ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು. ಯೋಜನೆ ಮುಗಿದು ಒಂದು ವರ್ಷವಾದ ಮೇಲೂ ಆ ಕುಟುಂಬಗಳು ಮೊದಲಿಗಿಂತ ಚೆನ್ನಾಗಿ ಉಣ್ಣುತ್ತಿದ್ದವು, ಅವರ ಕೈಯಲ್ಲಿ ಸ್ವಲ್ಪ ಹೆಚ್ಚು ಆಸ್ತಿ ಇತ್ತು. ಪಶ್ಚಿಮ ಬಂಗಾಳದಲ್ಲಿ ಹತ್ತು ವರ್ಷದ ಮೇಲೂ ಫಲ ಉಳಿದಿತ್ತು. ಹೊಂಡುರಾಸಿನಲ್ಲಿ ಮಾತ್ರ ಕೊಟ್ಟ ಕೋಳಿಗಳು ರೋಗ ಬಂದು ಸತ್ತು, ಲೆಕ್ಕ ಕೆಟ್ಟಿತು.

ಇದನ್ನು ಓದಿ ಮೂಗು ಮುರಿಯುವುದು ಸುಲಭ. ನಾವು ಮುರಿಯುವುದಿಲ್ಲ. ಹಸಿದವಳ ಮನೆಯಲ್ಲಿ ಎರಡು ಹೊತ್ತಿನ ಊಟ ಮೂರಾದರೆ ಅದು ಚಿಲ್ಲರೆ ಮಾತಲ್ಲ. ಕ್ರಾಂತಿ ಆಗುವ ತನಕ ಮೇಕೆ ಬೇಡ ಎಂದು ಹೇಳುವ ಅಧಿಕಾರ ಪೇಟೆಯಲ್ಲಿ ಬಾಡಿಗೆ ರೂಮು ಮಾಡಿಕೊಂಡಿರುವ ನಮಗಿಲ್ಲ. ಆದರೆ ಅದೇ ಬ್ರಾಕ್ ಯೋಜನೆಯಲ್ಲಿ ಊರಿಗೊಂದು ಬಡತನ ನಿವಾರಣಾ ಸಮಿತಿ ಇತ್ತು. ಅದರಲ್ಲಿ ಊರಿನ ಉಳ್ಳವರನ್ನು ಕರೆದು ಕೂರಿಸುತ್ತಿದ್ದರು. ಬಡವಳ ಹಸು ಕಳುವಾಗದಂತೆ, ಅವಳ ಮೇಲೆ ಯಾರೂ ಜುಲುಮೆ ಮಾಡದಂತೆ ನೋಡಿಕೊಳ್ಳುವುದು ಆ ಸಮಿತಿಯ ಕೆಲಸ. ಊರಿನ ವಾಸ್ತವ ಬಲ್ಲವರು ಮಾಡಿದ ಉಪಾಯ ಅದು. ಕೆಲವು ಕಡೆ ಉಪಯೋಗವೂ ಆಗಿರಬೇಕು. ಆದರೆ ಗಮನಿಸಿ, ಅತ್ಯುತ್ತಮ ಮಾದರಿಗೂ ಕಡೆಗೆ ಬೇಕಾದದ್ದು ಧಣಿಯ ದಯೆ. ಚಕ್ರದ ಐದು ಅರೆಕಾಲೂ ತಿರುಗುತ್ತವೆ, ಅಚ್ಚು ಮಾತ್ರ ಧಣಿಯ ಜಗಲಿಯಲ್ಲಿ ಹೂತಿದೆ.

ಈ ತಕರಾರನ್ನು ಹೊಸದಾಗಿ ನಾವು ಎತ್ತುತ್ತಿದ್ದೇವೆ ಎಂದು ಯಾರೂ ತಿಳಿಯಬಾರದು. ಇದನ್ನು 1932ರಲ್ಲೇ ಒಬ್ಬರು ಕಾಗದದಲ್ಲಿ ಬರೆದು ಕಳಿಸಿದ್ದರು. ಅದು ಬೋರ್ಡು ನೋಡಿ ಬರೆದ ಕಾಗದವಾಗಿರಲಿಲ್ಲ.

ಪೂನಾ ಒಪ್ಪಂದವಾಗಿ ಒಂದು ವಾರ ಕಳೆಯುವುದರೊಳಗೆ, 1932ರ ಸೆಪ್ಟೆಂಬರ್ 30ರಂದು, ಮುಂಬಯಿಯಲ್ಲಿ ಸವರ್ಣ ಮುಖಂಡರು ಸಭೆ ಸೇರಿ ಅಸ್ಪೃಶ್ಯತಾ ವಿರೋಧಿ ಸಂಘವನ್ನು ಕಟ್ಟಿದರು. ಅಧ್ಯಕ್ಷರು ಜಿ.ಡಿ. ಬಿರ್ಲಾ, ಕಾರ್ಯದರ್ಶಿ ಎ.ವಿ. ಠಕ್ಕರ್. ಮುಂದೆ ಇದೇ ಹರಿಜನ ಸೇವಕ ಸಂಘವಾಯಿತು. ಅಂಬೇಡ್ಕರ್ ಮೂರನೇ ದುಂಡುಮೇಜಿನ ಪರಿಷತ್ತಿಗೆ ಹೊರಟಿದ್ದರು. ‘ವಿಕ್ಟೋರಿಯಾ’ ಹಡಗಿನಲ್ಲಿ ಕುಳಿತು ನವೆಂಬರ್ 14ರಂದು ಠಕ್ಕರರಿಗೆ ಒಂದು ದೀರ್ಘ ಪತ್ರ ಬರೆದರು. ಆ ಪತ್ರದ ವಾದದ ಸಾರವನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ದಲಿತರ ಏಳಿಗೆಗೆ ಎರಡು ದಾರಿ ಇವೆ. ಒಬ್ಬನ ಬಡತನಕ್ಕೆ ಅವನ ನಡತೆ ಕಾರಣ ಎಂದು ನಂಬುವವರು ಪಾನನಿರೋಧ, ವ್ಯಾಯಾಮಶಾಲೆ, ಸಹಕಾರ ಸಂಘ, ವಾಚನಾಲಯ, ಶಾಲೆ ಇವುಗಳಿಂದ ಅವನನ್ನು ತಿದ್ದಲು ಹೊರಡುತ್ತಾರೆ. ಅವನು ಬದುಕುವ ಪರಿಸರವೇ ಅವನನ್ನು ತುಳಿದಿದೆ ಎಂದು ನಂಬುವವರು ಪರಿಸರವನ್ನು ಬದಲಿಸಲು ಹೊರಡುತ್ತಾರೆ. ಮೊದಲ ದಾರಿಯಿಂದ ನಾಲ್ಕು ಜನ ಮೇಲೆ ಬರಬಹುದು, ಇಡೀ ಜನಾಂಗ ಬರುವುದಿಲ್ಲ. ಸಂಘ ಎರಡನೆಯದನ್ನು ಹಿಡಿಯಬೇಕು ಎಂದರು ಅಂಬೇಡ್ಕರ್.

ಹಾಗೆಂದು ಗಾಳಿಯಲ್ಲಿ ಮಾತಾಡಲಿಲ್ಲ. ಕೆಲಸದ ಪಟ್ಟಿ ಕೊಟ್ಟರು. ಊರಬಾವಿಯ ನೀರು, ಊರಶಾಲೆಯ ಬೆಂಚು, ಊರ ಚಾವಡಿಯ ಜಗಲಿ, ಸಾರ್ವಜನಿಕ ವಾಹನ ಇವು ನಮ್ಮ ಹಕ್ಕೆಂದು ಹಳ್ಳಿಹಳ್ಳಿಯಲ್ಲಿ ಸಾಧಿಸಬೇಕು. ಹಾಗೆ ಮಾಡಿದರೆ ಗಲಭೆಯಾಗುತ್ತದೆ, ತಲೆ ಒಡೆಯುತ್ತವೆ, ಕೋರ್ಟು ಕಚೇರಿ ಆಗುತ್ತದೆ; 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದಾಗಲೇ ಅದನ್ನು ಕಂಡವರಿಗೆ ಇದರಲ್ಲಿ ಭ್ರಮೆ ಇರಲಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಅದನ್ನು ತೆಗೆಸಬೇಕು ಎಂದರು. ಸವರ್ಣರು ತಮ್ಮ ಮನೆಯೊಳಕ್ಕೆ ಬಿಟ್ಟುಕೊಳ್ಳಬೇಕು ಎಂದರು. ಈ ಕೆಲಸಕ್ಕೆ ಸಂಬಳದ ಸೇವಕರು ಸಾಲದು, ತುಳಿತಕ್ಕೊಳಗಾದವರ ನಡುವಿನಿಂದಲೇ ಕಾರ್ಯಕರ್ತರು ಬರಬೇಕು ಎಂದರು. ಬಾವಿ, ಶಾಲೆ, ಕೂಲಿ, ಮನೆ, ಸಂಘಟನೆ. ಎಣಿಸಿ ನೋಡಿ, ಇಲ್ಲೂ ಐದು ಅರೆಕಾಲು ಇವೆ. ಇದೂ ಸಮಗ್ರವೇ. ಆದರೆ ಇದರಲ್ಲಿ ಎದುರಾಳಿ ಇದ್ದಾನೆ.

ಆ ಪತ್ರ ತಲುಪಿತೆಂಬ ಒಂದು ಸಾಲಿನ ಉತ್ತರವೂ ಬರಲಿಲ್ಲ. ಈ ಕಥೆಯನ್ನು ಅಂಬೇಡ್ಕರರೇ 1945ರಲ್ಲಿ ಕಾಂಗ್ರೆಸ್ಸೂ ಗಾಂಧಿಯೂ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಅಧ್ಯಾಯದ ಹೆಸರೇ ‘ರಾಜಕೀಯ ದಾನ’. ಸಂಘ ವಿದ್ಯಾರ್ಥಿವೇತನ ಕೊಟ್ಟಿತು, ಹಾಸ್ಟೆಲು ನಡೆಸಿತು, ಔಷಧಿ ಹಂಚಿತು, ಊರಬಾವಿ ತೆರೆಸುವ ಬದಲು ಕೇರಿಗೆ ಬೇರೆ ಬಾವಿ ತೋಡಿಸಿತು. ಸಂಘದ ಆಡಳಿತದಲ್ಲಿ ನಮ್ಮವರಿಗೂ ಜಾಗ ಕೊಡಿ ಎಂದು ಕೇಳಿದವರಿಗೆ ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಇದು ಸವರ್ಣರು ಮಾಡುತ್ತಿರುವ ಪ್ರಾಯಶ್ಚಿತ್ತ, ಅವರು ಸಾಲಗಾರರು, ಸಾಲ ಹೇಗೆ ತೀರಿಸಬೇಕೆಂದು ಸಾಲಗಾರರೇ ನಿರ್ಧರಿಸಬೇಕು ಎಂಬುದು ಗಾಂಧಿಯವರ ವಾದ. ಲೋಕದಲ್ಲಿ ಎಲ್ಲಾದರೂ ಸಾಲ ಕೊಟ್ಟವನಿಗೆ ‘ನೀನು ಸುಮ್ಮನೆ ಕೂತಿರು, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಅಂತ ನಾವೇ ಮಾತಾಡಿಕೊಳ್ತೀವಿ’ ಎಂದು ಹೇಳುವುದುಂಟೆ? ನಮ್ಮಪ್ಪ ಧಣಿಯ ಹತ್ತಿರ ಸಾಲ ಮಾಡಿದ್ದಾಗ ಈ ಶಾಸ್ತ್ರ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು!

ಮೇಲ್ಜಾತಿಯಲ್ಲಿ ಹುಟ್ಟಿದವರು ಮಾಡಿದ್ದೆಲ್ಲ ಹೀಗೇ ಎಂದು ನಾವು ಹೇಳಿದರೆ ಅದು ಸುಳ್ಳು. ಮಂಗಳೂರಿನ ಕುದ್ಮುಲ್ ರಂಗರಾವ್ ಸಾರಸ್ವತ ಬ್ರಾಹ್ಮಣರು. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ದೀನದಲಿತರ ಮಿಷನ್ ಕಟ್ಟಿದರು. ಓದು, ಕೈಕಸುಬು, ಮನೆ ನಿವೇಶನ ಎಲ್ಲಕ್ಕೂ ಕೈಹಾಕಿದರು. ಅವರದ್ದೂ ಈಗಿನವರು ಹೇಳುವ ‘ಸಮಗ್ರ’ವೇ, ಆ ಶಬ್ದ ಅವರಿಗೆ ಬೇಕಾಗಿರಲಿಲ್ಲ, ಅಷ್ಟೆ. ಅವರನ್ನು ಜಾತಿಯವರು ಹೊರಗಿಟ್ಟರು. ಜಾತಿಯವರಿಗೆ ನೋವಾಗುವಂಥ ಏನನ್ನೋ ಅವರು ಮಾಡುತ್ತಿದ್ದರು ಎನ್ನುವುದಕ್ಕೆ ಅದೇ ಪ್ರಮಾಣಪತ್ರ. ನಮ್ಮ ಹಟ್ಟಿಯ ಸಂಸ್ಥೆಯ ಮುಖ್ಯಸ್ಥರನ್ನು ಮೊನ್ನೆ ಊರವರು ಶಾಲು ಹೊದಿಸಿ ಸನ್ಮಾನಿಸಿದರು. ರಂಗರಾಯರ ಸಮಾಧಿಯ ಮೇಲೆ ಅವರ ಆಸೆಯೊಂದನ್ನು ಬರೆಸಿದ್ದಾರೆ: ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂದು. ಕೃತಜ್ಞತೆಯ ಕಾಗದ ಕೇಳಲಿಲ್ಲ, ಧೂಳು ಕೇಳಿದರು. ಕೊಡುವವನು ಕೆಳಗೆ, ಪಡೆದವನು ಮೇಲೆ ಆಗಬೇಕೆಂಬ ಈ ಆಸೆ ಯಾವ ಪುಸ್ತಿಕೆಯಲ್ಲೂ ನಮಗೆ ಸಿಕ್ಕಿಲ್ಲ.

ಇನ್ನು ಭೂಮಿ. ಪುಸ್ತಿಕೆಯಲ್ಲಿ ಭೂಮಿ ಎಂದರೆ ಮಣ್ಣಿನ ಫಲವತ್ತತೆ, ಎರೆಹುಳು ಗೊಬ್ಬರ. ಯಾರ ಭೂಮಿ ಎಂಬ ಮಾತಿಲ್ಲ. 2011ರ ಜನಗಣತಿಯಲ್ಲಿ ನಾವು ಕರ್ನಾಟಕದ ನೂರಕ್ಕೆ ಹದಿನೇಳು ಮಂದಿ. ಇಡೀ ದೇಶದಲ್ಲಿ ಉಳುಮೆಯ ನೆಲದಲ್ಲಿ ನಮ್ಮವರ ಪಾಲು, 2015-16ರ ಕೃಷಿಗಣತಿಯಂತೆ, ನೂರಕ್ಕೆ ಒಂಬತ್ತನ್ನೂ ಮುಟ್ಟುವುದಿಲ್ಲ. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಬಂದಾಗ ‘ಉಳುವವನೇ ಹೊಲದೊಡೆಯ’ ಎಂದರು. ಉಳುವವನು ಎಂದರೆ ಗೇಣಿದಾರ ಎಂದು ಕಾನೂನು ಓದಿಕೊಂಡಿತು. ಕೂಲಿಗೆ ನೇಗಿಲು ಹಿಡಿದವನು, ಜೀತಕ್ಕೆ ಹಿಡಿದವನು ಉಳುವವನಾಗಲೇ ಇಲ್ಲ. ಹಿಂದೆ ಸರ್ಕಾರ ನಮ್ಮವರಿಗೆ ಕೊಟ್ಟ ತುಂಡು ಜಮೀನು ಒಂದು ಮೂಟೆ ರಾಗಿಗೆ, ಒಂದು ಮದುವೆ ಸಾಲಕ್ಕೆ ಬೇರೆಯವರ ಪಾಲಾಗಿತ್ತು. ಅದನ್ನು ವಾಪಸು ಕೊಡಿಸಲು 1978ರಲ್ಲಿ ಪರಭಾರೆ ನಿಷೇಧ ಕಾಯಿದೆ ಬಂತು. ಅರ್ಜಿ ತಡವಾಗಿ ಬಂದಿದೆ, ಸಮಂಜಸ ಅವಧಿಯೊಳಗೆ ಹಾಕಬೇಕಿತ್ತು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ಹೇಳಿದ ಮೇಲೆ ಅಂಥ ಎಷ್ಟೋ ಅರ್ಜಿಗಳು ನೆಲಕಚ್ಚಿದವು. ಮತ್ತೆ ಧರಣಿ, ಮತ್ತೆ ಮನವಿ. 2023ರಲ್ಲಿ ಕಾಲಮಿತಿ ಇಲ್ಲ ಎಂದು ತಿದ್ದುಪಡಿ ತಂದರು. ಆ ಧರಣಿಗಳಲ್ಲಿ ಬಿಸಿಲಲ್ಲಿ ಕೂತವರು ಸಂಘಟನೆಯ ಹುಡುಗರು, ಜಮೀನು ಕಳೆದುಕೊಂಡ ಮುದುಕರು. ಅದು ಅಭಿವೃದ್ಧಿಯ ಚಕ್ರದ ಯಾವ ಅರೆಕಾಲಿಗೆ ಸೇರುತ್ತದೆ ಎಂದು ನಾವು ಸಂಸ್ಥೆಯ ಕಾರ್ಯಕರ್ತರೊಬ್ಬರನ್ನು ಕೇಳಿದೆವು. ಒಳ್ಳೆಯ ಹುಡುಗ, ನಮ್ಮ ಹಾಗೆಯೇ ಹಾಸ್ಟೆಲಿನಲ್ಲಿ ಓದಿದವನು. “ಅಣ್ಣ, ನಂಗೆ ಗೊತ್ತಿಲ್ವಾ? ಅದನ್ನ ಬರೆದ್ರೆ ಪ್ರಾಜೆಕ್ಟು ಸ್ಯಾಂಕ್ಷನ್ ಆಗಲ್ಲ” ಅಂದ. ಅವನ ಮೇಲೆ ನಮಗೆ ಸಿಟ್ಟಿಲ್ಲ.

ಸಿಟ್ಟು ಬಂದರೆ ನಮ್ಮ ಮೇಲೆ ಬರಬೇಕು. ಸಂಸ್ಥೆಯವರು ಅವ್ವನ ಫೋಟೋ ತೆಗೆದರು ಎಂದು ಇಷ್ಟು ಬರೆದೆವಲ್ಲ, ನಮ್ಮ ಕವಿತೆಗಳಲ್ಲಿ ನಾವು ಮಾಡಿರುವುದೇನು? ಹರಿದ ಸೀರೆಯ ಅವ್ವ, ಒಡೆದ ಹಿಮ್ಮಡಿಯ ಅವ್ವ, ಖಾಲಿ ಮಡಕೆಯ ಅವ್ವ. ಕವಿಗೋಷ್ಠಿಯಲ್ಲಿ ಓದಿ ಚಪ್ಪಾಳೆ ತೆಗೆದುಕೊಂಡು ಬಸ್ ಚಾರ್ಜು ಇಸಿದುಕೊಂಡು ಬಂದಿದ್ದೇವೆ. ಅವಳ ಹೆಸರು ನಮ್ಮ ಪದ್ಯದಲ್ಲೂ ಇಲ್ಲ. ಬೇಲಿ ಹಾಕಿದವನ ಹೆಸರೂ ಇಲ್ಲ. ಅವನ ಬದಲು ‘ವ್ಯವಸ್ಥೆ’ ಎಂದು ಬರೆದಿದ್ದೇವೆ. ವ್ಯವಸ್ಥೆ ಎಂದು ಬರೆದರೆ ಯಾರೂ ಬಂದು ಕೊಟ್ಟಿಗೆಯಲ್ಲಿ ಕಟ್ಟಿ ಹಾಕುವುದಿಲ್ಲ. ಸಂಸ್ಥೆಯ ‘ಸಮಗ್ರ’ಕ್ಕೂ ನಮ್ಮ ‘ವ್ಯವಸ್ಥೆ’ಗೂ ಬಹಳ ದೂರವಿಲ್ಲ. ಎರಡೂ ಎಲ್ಲವನ್ನೂ ಹೇಳುವ, ಯಾರನ್ನೂ ತೋರಿಸದ ಶಬ್ದಗಳು.

ಗೋಮಾಳದ ಮಾತಿನಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಊರಿನ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಿ ಎಂದು 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು. ಆದರೆ ಎಷ್ಟೋ ಊರುಗಳಲ್ಲಿ ಗೋಮಾಳದ ಅರ್ಧ ಎಕರೆ, ಒಂದು ಎಕರೆಯಲ್ಲಿ ಬಗರ್ ಹುಕುಂ ಉಳುತ್ತಿರುವವರು ನಮ್ಮವರೇ. ಜೆಸಿಬಿ ಬಂದರೆ ಮೊದಲು ಹೋಗುವುದು ಅವರ ಗುಡಿಸಲ ಕಡೆಗೆ, ಅಡಿಕೆ ತೋಟದ ಕಡೆಗಲ್ಲ. ಆದ್ದರಿಂದ ಒತ್ತುವರಿ ತೆರವು ಎಂದು ಬರಿದೇ ಕೂಗಿದರೆ ಸಾಲದು, ಯಾರ ಒತ್ತುವರಿ ಎಂದು ಸರ್ವೆ ನಂಬರ್ ಸಮೇತ ಬರೆಯಬೇಕು. ಈ ಮಾತು ಹಟ್ಟಿಯ ಸಭೆಯಲ್ಲಿ ಹೇಳಿದ್ದು ನಾವಲ್ಲ, ನಮ್ಮ ಚಿಕ್ಕಪ್ಪ. ಆತ ಓದಿದ್ದು ಎರಡನೇ ಕ್ಲಾಸು.

ಹಾಗೆಯೇ ಬರೆದೆವು. ತಹಶೀಲ್ದಾರರಿಗೆ ಎರಡು ಪುಟದ ಅರ್ಜಿ. ಸರ್ವೆ ನಂಬರ್, ಪಹಣಿಯಲ್ಲಿ ಎಷ್ಟು ಎಕರೆ, ಬೇಲಿಯೊಳಗೆ ಎಷ್ಟು ಎಕರೆ, ಹಾಕಿದವರು ಯಾರು, ಹಟ್ಟಿಯಲ್ಲಿ ಎಷ್ಟು ಮೇಕೆ ಎಷ್ಟು ದನ. ಸಂಸ್ಥೆಯ ಹತ್ತಿರ ಹಟ್ಟಿಯ ಪ್ರತಿ ಮನೆಯ ದನಕರುಗಳ ಲೆಕ್ಕ ಇದೆ, ಕೊಡಿ ಎಂದು ಕೇಳಿದೆವು. ಕೊಟ್ಟರು. ಅರ್ಜಿಗೆ ನೀವೂ ಒಂದು ಸಹಿ ಹಾಕಿ ಎಂದೆವು. ನಾವು ರಾಜಕೀಯಕ್ಕೆ ಬರುವುದಿಲ್ಲ ಎಂದರು. ಅವ್ವ ಹೆಬ್ಬೆಟ್ಟು ಒತ್ತಿದಳು. ಕೆಳಗೆ ಅವಳ ಹೆಸರು ನಾವು ಬರೆದೆವು, ಅಪ್ಪನ ಹೆಸರಿನ ಆಸರೆ ಇಲ್ಲದೆ. ಹದಿನೇಳು ಹೆಬ್ಬೆಟ್ಟು, ಇಪ್ಪತ್ತಮೂರು ಸಹಿ. ಸ್ವೀಕೃತಿ ಮೊಹರು ಬಿದ್ದ ಪ್ರತಿ ಚಿಕ್ಕಪ್ಪನ ಪೆಟ್ಟಿಗೆಯಲ್ಲಿದೆ. ಭೂಮಾಪಕರು ಎರಡು ಸಲ ಬರುತ್ತೇನೆಂದು ಬಂದಿಲ್ಲ. ಮೇಕೆಗಳಲ್ಲಿ ಒಂದನ್ನು ಅವ್ವ ಕಳೆದ ತಿಂಗಳು ಸಂತೆಗೆ ಹೊಡೆದಳು, ಇನ್ನೊಂದು ಗಬ್ಬವಾಗಿದೆ.